ಮನೆಯ ಸರ್ವರ್ ಮುಂದೆ ರಿವರ್ಸ್ ಪ್ರಾಕ್ಸಿ: ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ

"ಅಣ್ಣಾ, ಸರ್ಟಿಫಿಕೇಟ್ ಬರ್ತಾ ಇಲ್ಲ." ಮಡಿಕೇರಿ, ಸೋಮವಾರಪೇಟೆ, ಪೊನ್ನಂಪೇಟೆ ಕಡೆಯ ಹೋಂಸ್ಟೇಯವರಿಂದ, ತೋಟದವರಿಂದ ನನಗೆ ಬರುವ ಫೋನುಗಳು ಹೆಚ್ಚುಕಮ್ಮಿ ಹೀಗೇ ಶುರುವಾಗುತ್ತವೆ. ಹಳೆಯ ಲ್ಯಾಪ್‌ಟಾಪಿನಲ್ಲಿ ನೆಕ್ಸ್ಟ್‌ಕ್ಲೌಡ್ (ಫೋಟೋ, ಫೈಲು ಇಡುವ ಸ್ವಂತ ಕ್ಲೌಡ್) ಹಾಕಿರುತ್ತಾರೆ, ಇಲ್ಲವೇ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಬುಕಿಂಗ್ ಕ್ಯಾಲೆಂಡರ್ ಓಡಿಸುತ್ತಿರುತ್ತಾರೆ. ಮನೆಯೊಳಗೆ ಎಲ್ಲಾ ಸರಿ. ಹೊರಗಿನಿಂದ ತೆರೆದರೆ ಏನೂ ಇಲ್ಲ. ಕೇಳುತ್ತಾ ಹೋದರೆ, ತಪ್ಪು ಇರುವುದು ಸರ್ಟಿಫಿಕೇಟಿನಲ್ಲಿ (ಸೈಟಿಗೆ ಎಚ್‌ಟಿಟಿಪಿಎಸ್ ಬೀಗ ಕೊಡುವ ಫೈಲು) ಅಲ್ಲವೇ ಅಲ್ಲ. ಅದಕ್ಕಿಂತ ನಾಲ್ಕು ಹೆಜ್ಜೆ ಹಿಂದೆ ಎಲ್ಲೋ ಇರುತ್ತದೆ.

ರಿವರ್ಸ್ ಪ್ರಾಕ್ಸಿ ಅಂದರೆ ತೋಟದ ಗೇಟಿನ ವಾಚ್‌ಮನ್ ಅಂತ ತಿಳಿದುಕೊಳ್ಳಿ. ಬಂದವರೆಲ್ಲ ಒಂದೇ ಗೇಟಿಗೆ ಬರುತ್ತಾರೆ. ಯಾರು ಬಂಗಲೆಗೆ, ಯಾರು ಗೋಡೌನಿಗೆ, ಯಾರು ಕಣಕ್ಕೆ ಅಂತ ನೋಡಿ ಅವನು ಕಳಿಸುತ್ತಾನೆ. ಒಳಗಿನ ಬಾಗಿಲುಗಳು ರಸ್ತೆಗೆ ಕಾಣುವುದಿಲ್ಲ. ಇಲ್ಲಿ ಗೇಟು ಅಂದರೆ 80 ಮತ್ತು 443ನೇ ಪೋರ್ಟ್. ಒಳಗಿನ ಬಾಗಿಲುಗಳು ಅಂದರೆ 8080, 3000 ಅಂತ ಒಂದೊಂದು ಪೋರ್ಟಿನಲ್ಲಿ ಓಡುವ ನಿಮ್ಮ ಆ್ಯಪ್‌ಗಳು.

ಕೆಲಸದ ಕ್ರಮ ಒಂದೇ: ಒಳಗಿನಿಂದ ಹೊರಗೆ ಬನ್ನಿ. ಒಂದು ಹಂತ ಪಾಸಾಗದೆ ಮುಂದಿನದನ್ನು ಮುಟ್ಟಬೇಡಿ. ಇದಕ್ಕೆ ಇರುವ ಒಂದೇ ಅಪವಾದ ಹಂತ 1.

## ಕೈಯಲ್ಲಿ ಇರಬೇಕಾದದ್ದು

ಉಬುಂಟು ಅಥವಾ ಡೆಬಿಯನ್ ಹಾಕಿದ ಒಂದು ಕಂಪ್ಯೂಟರ್. ರೂಟರಿನ ಅಡ್ಮಿನ್ ಪಾಸ್‌ವರ್ಡ್ (ಫೈಬರ್ ಹಾಕಲು ಬಂದ ಹುಡುಗ ಬದಲಿಸಿ ಹೋಗಿದ್ದರೆ ಅವನನ್ನೇ ಕೇಳಿ, ಈಗಲೇ). ಒಂದು ಡೊಮೇನ್ ಹೆಸರು. ಮನೆಯ ವೈಫೈಗೆ ಸೇರಿಸದ, ಮೊಬೈಲ್ ಡೇಟಾ ಇರುವ ಒಂದು ಫೋನು. ಈ ಕೊನೆಯದನ್ನು ಜನ ಮರೆಯುತ್ತಾರೆ. ಅದಿಲ್ಲದೆ ಹೊರಗಿನಿಂದ ಹೇಗೆ ಕಾಣುತ್ತದೆ ಅಂತ ತಿಳಿಯುವುದಿಲ್ಲ.

ಪ್ರಾಕ್ಸಿಗೆ ನಾನು ಎಂಜಿನ್‌ಎಕ್ಸ್ ತೆಗೆದುಕೊಂಡಿದ್ದೇನೆ. ಟೈಪ್ ಮಾಡುವಾಗ ಎನ್, ಜಿ, ಐ, ಎನ್, ಎಕ್ಸ್. ಕ್ಯಾಡಿ ಅನ್ನುವ ಇನ್ನೊಂದು ಪ್ರಾಕ್ಸಿ ಇದಕ್ಕಿಂತ ಸುಲಭ, ಸರ್ಟಿಫಿಕೇಟನ್ನು ತಾನೇ ತರುತ್ತದೆ. ಆದರೆ ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಕಲಿಯಲು ಎಂಜಿನ್‌ಎಕ್ಸೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವುದು ಇಂಗ್ಲಿಷಿನಲ್ಲೇ. ಅಂಡರ್‌ಸ್ಕೋರ್, ಸೆಮಿಕೋಲನ್, ಡಾಲರ್ ಚಿಹ್ನೆ ಎಲ್ಲಿ ಇವೆಯೋ ಅಲ್ಲೇ ಇರಲಿ.

## ಹಂತ 1: ಹೊರಗಿನ ಐಪಿ ನಿಮ್ಮದೇನಾ ನೋಡಿ

ರೂಟರಿನ ಸ್ಟೇಟಸ್ ಪುಟ ತೆರೆಯಿರಿ. ಅಲ್ಲಿ ವ್ಯಾನ್ ಐಪಿ ಅಂತ ಒಂದು ನಂಬರ್ ಇರುತ್ತದೆ. ಆಮೇಲೆ ಅದೇ ವೈಫೈನಲ್ಲಿ ಗೂಗಲ್‌ಗೆ ಹೋಗಿ ನನ್ನ ಐಪಿ ಯಾವುದು ಅಂತ ಹುಡುಕಿ. ಐಪಿವಿ4 ನಂಬರ್ ಎರಡರಲ್ಲೂ ಒಂದೇ ಇದ್ದರೆ ಸರಿ, ಹಂತ 2ಕ್ಕೆ ಹೋಗಿ.

ಬೇರೆ ಬೇರೆ ಇದ್ದರೆ ನಿಲ್ಲಿ. ರೂಟರಿನ ನಂಬರ್ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಹೊರಗಿನ ಐಪಿಯನ್ನು ನೂರಾರು ಮನೆಗಳಿಗೆ ಹಂಚಿದ್ದಾರೆ. ಗೇಟು ನಿಮ್ಮ ಮನೆಯ ಮುಂದೆ ಇಲ್ಲ, ಕಂಪನಿಯ ಕಚೇರಿಯಲ್ಲಿದೆ. ನೀವು ರೂಟರಿನಲ್ಲಿ ಎಷ್ಟೇ ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲಾರರು. ನಾನು ಸಿದ್ದಾಪುರದ ಹತ್ತಿರ ಒಂದು ತೋಟದ ಮನೆಯಲ್ಲಿ ಇಡೀ ಸಂಜೆ ಪೋರ್ಟ್ ಫಾರ್ವರ್ಡಿಂಗ್ ಮಾಡಿ ಅಳಿಸಿ, ಮಾಡಿ ಅಳಿಸಿ ಕೂತಿದ್ದೆ. ರಾತ್ರಿ ಊಟಕ್ಕೆ ಏಳುವ ಹೊತ್ತಿಗೆ ಆ 100 ಕಣ್ಣಿಗೆ ಬಿತ್ತು.

ರೂಟರಿನ ನಂಬರ್ 192.168 ಅಥವಾ 10 ಅಂತ ಶುರುವಾದರೆ ಇನ್ನೊಂದು ಸಾಧ್ಯತೆ ಇದೆ. ಗೋಡೆಗೆ ಹಾಕಿದ ಫೈಬರ್ ಪೆಟ್ಟಿಗೆಯೂ ರೂಟರ್ ಕೆಲಸ ಮಾಡುತ್ತಿರಬಹುದು, ಅದರ ಹಿಂದೆ ನೀವು ಕೊಂಡ ರೂಟರ್ ಇನ್ನೊಂದು. ಆಗ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಮತ್ತೆ ಪರೀಕ್ಷಿಸಿ.

ಸಿಜಿನ್ಯಾಟ್ ಇದ್ದವರಿಗೆ ದಾರಿ ಮೂರು. ಮೊದಲನೆಯದು, ಸ್ಟ್ಯಾಟಿಕ್ ಐಪಿ ಕೇಳುವುದು. ಕೊಟ್ಟರೆ ಸಾಮಾನ್ಯವಾಗಿ ಬೇರೆ ದುಡ್ಡು ಕೇಳುತ್ತಾರೆ. ಎರಡನೆಯದು, ಕ್ಲೌಡ್‌ಫ್ಲೇರ್ ಟನಲ್ ಅಥವಾ ಟೇಲ್‌ಸ್ಕೇಲ್, ಅಂದರೆ ಮನೆಯೊಳಗಿನಿಂದಲೇ ಹೊರಗೆ ಸಂಪರ್ಕ ತೆರೆಯುವ ಸೇವೆಗಳು. ಮನೆಯವರು ಮಾತ್ರ ಬಳಸುವ ಆ್ಯಪ್ ಆದರೆ ಟೇಲ್‌ಸ್ಕೇಲ್ ಸಾಕು, ಈ ಲೇಖನದ ಅರ್ಧ ಓದುವುದೇ ಬೇಡ. ಮೂರನೆಯದು, ಹೊರಗೆ ಒಂದು ಸಣ್ಣ ವಿಪಿಎಸ್ (ಡೇಟಾ ಸೆಂಟರಿನಲ್ಲಿ ಇರುವ ಸರ್ವರ್) ಬಾಡಿಗೆಗೆ ತೆಗೆದುಕೊಂಡು ಅಲ್ಲಿ ಎಂಜಿನ್‌ಎಕ್ಸ್ ಕೂರಿಸಿ, ಅಲ್ಲಿಂದ ಮನೆಗೆ ವೈರ್‌ಗಾರ್ಡ್ ಸುರಂಗ ಹಾಕುವುದು. ಇದರಲ್ಲಿ ಮನೆಯ ಕಡೆಯ ಫೈಲಿನಲ್ಲಿ ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25 ಅಂತ ಹಾಕಲೇಬೇಕು. ಹಾಕದಿದ್ದರೆ ಸ್ವಲ್ಪ ಹೊತ್ತು ಯಾರೂ ಬರದಿದ್ದರೆ ಸುರಂಗ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ಅದನ್ನು ಎಬ್ಬಿಸಲು ಆಗುವುದಿಲ್ಲ.

## ಹಂತ 2: ಆ್ಯಪ್ ಒಂದೇ ಓಡಲಿ

ಪ್ರಾಕ್ಸಿ ಇನ್ನೂ ಬೇಡ. ಸರ್ವರಿನಲ್ಲೇ ಟರ್ಮಿನಲ್ ತೆರೆದು ಕರ್ಲ್ ಹೈಫನ್ ದೊಡ್ಡಕ್ಷರದ ಐ, ಆಮೇಲೆ ಎಚ್‌ಟಿಟಿಪಿ://127.0.0.1:8080 ಅಂತ ಹೊಡೆಯಿರಿ. 200 ಅಥವಾ 302 ಬಂದರೆ ಆ್ಯಪ್ ಜೀವಂತ ಇದೆ. ಕನೆಕ್ಷನ್ ರಿಫ್ಯೂಸ್ಡ್ ಬಂದರೆ ಆ್ಯಪ್ ಎದ್ದಿಲ್ಲ, ಇಲ್ಲವೇ ಬೇರೆ ಪೋರ್ಟಿನಲ್ಲಿದೆ. ಅದನ್ನು ಸರಿಮಾಡದೆ ಎಂಜಿನ್‌ಎಕ್ಸ್ ಹಾಕಿದರೆ ನಿಮಗೆ ಸಿಗುವುದು 502 (ಒಳಗಿನ ಆ್ಯಪ್ ಸಿಗಲಿಲ್ಲ ಅನ್ನುವ ದೋಷ) ಮಾತ್ರ.

ಡಾಕರ್ (ಆ್ಯಪನ್ನು ಬೇರೆ ಡಬ್ಬಿಯೊಳಗೆ ಇಟ್ಟು ಓಡಿಸುವ ಸಾಧನ) ಬಳಸುವವರು ಇಲ್ಲಿ ನಿಧಾನವಾಗಿ ಓದಿ. ಕಂಪೋಸ್ ಫೈಲಿನಲ್ಲಿ ಪೋರ್ಟ್ಸ್ ಅಂತ ಇರುವಲ್ಲಿ ಬರೀ 8080:80 ಅಂತ ಬರೆದರೆ ಆ ಪೋರ್ಟ್ ಇಡೀ ನೆಟ್‌ವರ್ಕಿಗೆ ತೆರೆದುಕೊಳ್ಳುತ್ತದೆ. ಯುಎಫ್‌ಡಬ್ಲ್ಯು ಫೈರ್‌ವಾಲಿನಲ್ಲಿ ಮುಚ್ಚಿದ್ದೇನಲ್ಲ ಅಂದುಕೊಳ್ಳಬೇಡಿ. ಡಾಕರ್ ತನ್ನ ನಿಯಮಗಳನ್ನು ಫೈರ್‌ವಾಲಿನ ಪಕ್ಕದಿಂದ ನುಗ್ಗಿಸುತ್ತದೆ, ಯುಎಫ್‌ಡಬ್ಲ್ಯು ಅದನ್ನು ತಡೆಯುವುದಿಲ್ಲ. 127.0.0.1:8080:80 ಅಂತ ಬರೆಯಿರಿ. ಆಗ ಆ ಬಾಗಿಲು ಸರ್ವರಿನ ಒಳಗೆ ಮಾತ್ರ ತೆರೆಯುತ್ತದೆ.

ಹಂತ 1ರಲ್ಲಿ ವಿಪಿಎಸ್ ದಾರಿ ಹಿಡಿದವರಿಗೆ ಮಾತ್ರ ಇದು ಬೇರೆ. ಪ್ರಾಕ್ಸಿ ಬೇರೆ ಯಂತ್ರದಲ್ಲಿದೆ ಅಲ್ವಾ? 127.0.0.1ಕ್ಕೆ ಕಟ್ಟಿದರೆ ಅದಕ್ಕೆ ಕಾಣುವುದಿಲ್ಲ. ಆ ಜಾಗದಲ್ಲಿ ಮನೆಯ ಸರ್ವರಿನ ವೈರ್‌ಗಾರ್ಡ್ ಐಪಿ ಬರೆಯಿರಿ.

## ಹಂತ 3: ಎಂಜಿನ್‌ಎಕ್ಸ್ ಫೈಲ್

ಏಪ್ಟ್ (ಸಾಫ್ಟ್‌ವೇರ್ ಹಾಕುವ ಕಮಾಂಡ್) ಇಂದ ಎಂಜಿನ್‌ಎಕ್ಸ್ ಹಾಕಿ. ಅದರ ಫೋಲ್ಡರಿನಲ್ಲಿ ಸೈಟ್ಸ್-ಅವೈಲೆಬಲ್, ಸೈಟ್ಸ್-ಎನೇಬಲ್ಡ್ ಅಂತ ಎರಡು ಇರುತ್ತವೆ. ಫೈಲ್ ಬರೆಯುವುದು ಮೊದಲನೆಯದರಲ್ಲಿ. ಎರಡನೆಯದರಲ್ಲಿ ಅದಕ್ಕೆ ಲಿಂಕ್ ಮಾತ್ರ. ಲಿಂಕ್ ಮಾಡಲು ಮರೆತು ಫೈಲನ್ನೇ ಹತ್ತು ಸಲ ತಿದ್ದಿದವರು ಇದ್ದಾರೆ.

ಇಷ್ಟು ಸಾಕು ಶುರುವಿಗೆ:

ಸರ್ವರ್ {
ಲಿಸನ್ 80;
ಸರ್ವರ್_ನೇಮ್ ತೋಟ.ಎಕ್ಸಾಂಪಲ್.ಕಾಮ್;
ಲೊಕೇಶನ್ / {
ಪ್ರಾಕ್ಸಿ_ಪಾಸ್ ಎಚ್‌ಟಿಟಿಪಿ://127.0.0.1:8080;
}
}

ಆಮೇಲೆ ಸೈಟ್ಸ್-ಎನೇಬಲ್ಡ್ ಒಳಗಿನ ಡೀಫಾಲ್ಟ್ ಲಿಂಕನ್ನು ಅಳಿಸಿ. ಅದು ಇದ್ದರೆ, ಹೆಸರು ಹೊಂದದ ಪ್ರತಿ ವಿನಂತಿಗೂ ಎಂಜಿನ್‌ಎಕ್ಸಿನ ಸ್ವಾಗತ ಪುಟ ಬರುತ್ತದೆ. ಆ ಬಿಳಿ ಸ್ವಾಗತ ಪುಟ ಕಂಡರೆ ಎಂಜಿನ್‌ಎಕ್ಸ್ ಸರಿ ಇದೆ, ನಿಮ್ಮ ಸರ್ವರ್_ನೇಮ್ ತಪ್ಪಿದೆ ಅಥವಾ ಲಿಂಕ್ ಇಲ್ಲ ಅಂತ ಅರ್ಥ.

ರೀಲೋಡ್ ಮಾಡುವ ಮುಂಚೆ ಪ್ರತಿ ಸಲವೂ ಎಂಜಿನ್‌ಎಕ್ಸ್ ಹೈಫನ್ ಟಿ ಹೊಡೆಯಿರಿ. ಸೆಮಿಕೋಲನ್ ಬಿಟ್ಟಿದ್ದರೆ ಯಾವ ಸಾಲಿನ ಹತ್ತಿರ ಅಂತ ಹೇಳುತ್ತದೆ. ಟೆಸ್ಟ್ ಪಾಸಾದ ಮೇಲೆ ರೀಲೋಡ್.

ಡೊಮೇನ್ ಇನ್ನೂ ಇಲ್ಲಿಗೆ ತಿರುಗಿಲ್ಲ. ಆದರೂ ಈಗಲೇ ಪರೀಕ್ಷಿಸಬಹುದು. ನಿಮ್ಮ ಲ್ಯಾಪ್‌ಟಾಪಿನ ಹೋಸ್ಟ್ಸ್ ಫೈಲಿನಲ್ಲಿ ಸರ್ವರಿನ ಮನೆ ಐಪಿ, ಪಕ್ಕದಲ್ಲಿ ಡೊಮೇನ್ ಹೆಸರು ಬರೆಯಿರಿ. ಬ್ರೌಸರಿನಲ್ಲಿ ಆ ಹೆಸರು ತೆರೆಯಿರಿ. ಆ್ಯಪ್ ಕಂಡರೆ ಈ ಹಂತ ಪಾಸು. ಪರೀಕ್ಷೆ ಮುಗಿದ ಮೇಲೆ ಆ ಸಾಲು ಅಳಿಸುವುದನ್ನು ಮರೆಯಬೇಡಿ.

ಪ್ರಾಕ್ಸಿ_ಪಾಸ್ ಸಾಲಿನ ಕೊನೆಯ ಒಂದು ಓರೆಗೀಟಿನ ಬಗ್ಗೆ ಹೇಳಲೇಬೇಕು. ಲೊಕೇಶನ್ /ಬುಕಿಂಗ್/ ಅಂತ ಇಟ್ಟು, ಪ್ರಾಕ್ಸಿ_ಪಾಸ್ ಕೊನೆಯಲ್ಲಿ ಗೀಟು ಹಾಕಿದರೆ ಎಂಜಿನ್‌ಎಕ್ಸ್ ಆ ಬುಕಿಂಗ್ ಭಾಗವನ್ನು ಕಿತ್ತು ಆ್ಯಪಿಗೆ ಕಳಿಸುತ್ತದೆ. ಗೀಟು ಇಲ್ಲದಿದ್ದರೆ ಪೂರ್ತಿ ದಾರಿ ಹಾಗೇ ಹೋಗುತ್ತದೆ. ಎಷ್ಟೋ ಆ್ಯಪ್‌ಗಳು ತಾವು ಮೂಲ ವಿಳಾಸದಲ್ಲೇ ಇದ್ದೇವೆ ಅಂದುಕೊಂಡು ಲಿಂಕ್ ಬರೆಯುತ್ತವೆ. ಹೀಗಾಗಿ ಪುಟ ಬರುತ್ತದೆ, ಚಿತ್ರ, ಬಣ್ಣ, ಬಟನ್ ಯಾವುದೂ ಬರುವುದಿಲ್ಲ. ಈ ಜಂಜಾಟವೇ ಬೇಡ. ಪ್ರತಿ ಆ್ಯಪಿಗೂ ಒಂದು ಸಬ್‌ಡೊಮೇನ್ ಕೊಡಿ: ಬುಕಿಂಗ್‌ಗೆ ಒಂದು, ಫೋಟೋಗೆ ಒಂದು, ಚೆಕ್‌ರೋಲ್‌ಗೆ (ಕೆಲಸದವರ ಹಾಜರಿ ಪಟ್ಟಿ) ಒಂದು.

## ಹಂತ 4: ವಾಚ್‌ಮನ್ ಕೈಗೆ ಚೀಟಿ ಕೊಡಿ

ಈಗ ಆ್ಯಪಿನ ಕಣ್ಣಿಗೆ ಎಲ್ಲರೂ ವಾಚ್‌ಮನ್ನೇ. ಯಾರೇ ಬಂದರೂ 127.0.0.1ರಿಂದ ಬಂದ ಹಾಗೆ ಕಾಣುತ್ತದೆ. ಇದು ಬರೀ ಲಾಗಿನ ಚಂದದ ಪ್ರಶ್ನೆ ಅಲ್ಲ. ನೆಕ್ಸ್ಟ್‌ಕ್ಲೌಡ್ ತಪ್ಪು ಪಾಸ್‌ವರ್ಡ್ ಹೊಡೆದವರನ್ನು ಐಪಿ ನೋಡಿ ನಿಧಾನ ಮಾಡುತ್ತದೆ. ಒಬ್ಬ ಗೆಸ್ಟ್ ಪದೇ ಪದೇ ತಪ್ಪಿದರೆ ಮನೆಯವರೆಲ್ಲರಿಗೂ ಲಾಗಿನ್ ತೆವಳುತ್ತದೆ.

ಅದಕ್ಕೇ ಲೊಕೇಶನ್ ಒಳಗೆ, ಪ್ರಾಕ್ಸಿ_ಪಾಸ್ ಕೆಳಗೆ ಈ ನಾಲ್ಕು ಸಾಲು (ಹೆಡರ್ ಅಂದರೆ ವಿನಂತಿಯ ಜೊತೆ ಹೋಗುವ ಚೀಟಿ):

ಪ್ರಾಕ್ಸಿ_ಸೆಟ್_ಹೆಡರ್ ಹೋಸ್ಟ್ $ಹೋಸ್ಟ್;
ಪ್ರಾಕ್ಸಿ_ಸೆಟ್_ಹೆಡರ್ ಎಕ್ಸ್-ರಿಯಲ್-ಐಪಿ $ರಿಮೋಟ್_ಆ್ಯಡ್ರ್;
ಪ್ರಾಕ್ಸಿ_ಸೆಟ್_ಹೆಡರ್ ಎಕ್ಸ್-ಫಾರ್ವರ್ಡೆಡ್-ಫಾರ್ $ಪ್ರಾಕ್ಸಿ_ಆ್ಯಡ್_ಎಕ್ಸ್_ಫಾರ್ವರ್ಡೆಡ್_ಫಾರ್;
ಪ್ರಾಕ್ಸಿ_ಸೆಟ್_ಹೆಡರ್ ಎಕ್ಸ್-ಫಾರ್ವರ್ಡೆಡ್-ಪ್ರೋಟೋ $ಸ್ಕೀಮ್;

ಯಾವ ಹೆಸರು ಕೇಳಿ ಬಂದರು, ಎಲ್ಲಿಂದ ಬಂದರು, ಬೀಗ ಹಾಕಿದ ದಾರಿಯಲ್ಲಿ ಬಂದರೋ ಇಲ್ಲವೋ, ಇಷ್ಟೇ ಚೀಟಿಯಲ್ಲಿ ಇರುವುದು.

ಇಲ್ಲಿ ಒಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಹೆಡರ್ ಸಾಲುಗಳನ್ನು ಮೇಲಿನ ಸರ್ವರ್ ಮಟ್ಟದಲ್ಲಿ ಬರೆದು, ಕೆಳಗಿನ ಲೊಕೇಶನ್ನಿನಲ್ಲಿ ಬೇರೆ ಒಂದೇ ಒಂದು ಹೆಡರ್ ಸಾಲು ಸೇರಿಸಿದರೂ, ಮೇಲಿನವೆಲ್ಲ ಆ ಲೊಕೇಶನ್ನಿಗೆ ಅನ್ವಯಿಸುವುದಿಲ್ಲ. ಎಂಜಿನ್‌ಎಕ್ಸ್ ಎರಡನ್ನೂ ಕೂಡಿಸುವುದಿಲ್ಲ. ಎಚ್ಚರಿಕೆಯ ಮಾತೂ ಬರುವುದಿಲ್ಲ. ಎಲ್ಲವನ್ನೂ ಒಂದೇ ಕಡೆ ಇಡಿ.

ಚೀಟಿ ಕೊಟ್ಟರೆ ಸಾಲದು, ಒಳಗಿನವರು ಅದನ್ನು ನಂಬಬೇಕು. ನೆಕ್ಸ್ಟ್‌ಕ್ಲೌಡಿನ ಕಾನ್ಫಿಗ್ ಫೈಲಿನಲ್ಲಿ ಟ್ರಸ್ಟೆಡ್_ಡೊಮೇನ್ಸ್‌ಗೆ ನಿಮ್ಮ ಹೆಸರು, ಟ್ರಸ್ಟೆಡ್_ಪ್ರಾಕ್ಸೀಸ್‌ಗೆ ಪ್ರಾಕ್ಸಿಯ ಐಪಿ ಸೇರಿಸಿ. ಆ್ಯಪ್ ಡಾಕರಿನಲ್ಲಿದ್ದರೆ ಪ್ರಾಕ್ಸಿಯ ಐಪಿ 127.0.0.1 ಆಗಿರುವುದಿಲ್ಲ, ಡಾಕರ್ ನೆಟ್‌ವರ್ಕಿನ ಐಪಿ ಆಗಿರುತ್ತದೆ. ಆ್ಯಪಿನ ಲಾಗ್ ನೋಡಿ ಬರೆಯಿರಿ. ಜಾಂಗೋದಲ್ಲಿ ಬರೆದ ಆ್ಯಪ್ ಆದರೆ ಸಿಎಸ್‌ಆರ್‌ಎಫ್ ಟ್ರಸ್ಟೆಡ್ ಆರಿಜಿನ್ಸ್ ಪಟ್ಟಿಗೆ ಎಚ್‌ಟಿಟಿಪಿಎಸ್ ಸಮೇತ ವಿಳಾಸ ಸೇರಿಸಬೇಕು. ಇಲ್ಲದಿದ್ದರೆ ಪುಟ ತೆರೆಯುತ್ತದೆ, ಫಾರ್ಮ್ ಕಳಿಸಿದರೆ 403. ನೆಟ್‌ವರ್ಕ್ ಐಪಿಗಳನ್ನೆಲ್ಲ ನಂಬು ಅಂತ ಮಾತ್ರ ಬರೆಯಬೇಡಿ. ಆಗ ಯಾರು ಬೇಕಾದರೂ ಸುಳ್ಳು ಚೀಟಿ ತರಬಹುದು.

## ಹಂತ 5: ಹೆಸರು ಮತ್ತು ರೂಟರ್

ಡೊಮೇನಿನ ಡಿಎನ್‌ಎಸ್ ಪುಟದಲ್ಲಿ ಎ ರೆಕಾರ್ಡ್ (ಹೆಸರನ್ನು ಐಪಿಗೆ ಜೋಡಿಸುವ ಸಾಲು) ಹಾಕಿ ಹೊರಗಿನ ಐಪಿ ಕೊಡಿ. ಕರೆಂಟು ಹೋಗಿ ಬಂದಾಗ ಐಪಿ ಬದಲಾಗುವ ಸಂಪರ್ಕ ಆದರೆ ಹೊಸ ಐಪಿಯನ್ನು ಹೆಸರಿಗೆ ಜೋಡಿಸುತ್ತಾ ಇರುವ, ಡಕ್‌ಡಿಎನ್‌ಎಸ್ ಥರದ ಡೈನಾಮಿಕ್ ಡಿಎನ್‌ಎಸ್ ಬೇಕು. ನಾಲ್ಕು ಎ ಇರುವ ಐಪಿವಿ6 ರೆಕಾರ್ಡ್ ಹಳೆಯದು ಏನಾದರೂ ಉಳಿದಿದ್ದರೆ ತೆಗೆಯಿರಿ. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಐಪಿವಿ6 ವಿಳಾಸಕ್ಕೇ ಹೋಗಿ ಕದ ತಟ್ಟುತ್ತದೆ.

ರೂಟರಿನಲ್ಲಿ ಮೊದಲು ಸರ್ವರಿಗೆ ಖಾಯಂ ಮನೆ ಐಪಿ ಕೊಡಿ. ಆಮೇಲೆ 80ನ್ನು ಸರ್ವರಿನ 80ಕ್ಕೆ, 443ನ್ನು 443ಕ್ಕೆ ಫಾರ್ವರ್ಡ್ ಮಾಡಿ. 8080 ಬೇಡವೇ ಬೇಡ. ಅದನ್ನೂ ತೆರೆದರೆ ಗೇಟು ಕಟ್ಟಿ ಪಕ್ಕದ ಬೇಲಿ ಕಿತ್ತ ಹಾಗೆ.

ಈಗ ಮೊಬೈಲ್ ಡೇಟಾದ ಫೋನು ತೆಗೆಯಿರಿ. ಮನೆಯ ವೈಫೈನಿಂದ ಡೊಮೇನ್ ತೆರೆದರೆ ಕೆಲವು ರೂಟರುಗಳು ತಮ್ಮದೇ ಲಾಗಿನ್ ಪುಟ ತೋರಿಸುತ್ತವೆ, ಕೆಲವು ಸುಮ್ನೆ ತಿರುಗುತ್ತಾ ಇರುತ್ತವೆ. ಒಳಗಿನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರುವುದು ಅವಕ್ಕೆ ಬರುವುದಿಲ್ಲ. ಅದನ್ನು ನೋಡಿ ಗಾಬರಿಯಾಗಬೇಡಿ. ಕಕ್ಕಬ್ಬೆ, ಭಾಗಮಂಡಲ ಕಡೆ ಮನೆಯೊಳಗೆ ಮೊಬೈಲ್ ಸಿಗ್ನಲ್ಲೇ ಇಲ್ಲ ಅನ್ನುವವರು ಬೇರೆ ಊರಿನ ನೆಂಟರಿಗೆ ಫೋನ್ ಮಾಡಿ ತೆರೆಸಿ ನೋಡಿ.

## ಹಂತ 6: ಈಗ ಸರ್ಟಿಫಿಕೇಟ್

ಹಂತ 5 ಪಾಸಾಗಿದ್ದರೆ ಇದು ಐದು ನಿಮಿಷದ ಕೆಲಸ. ಸರ್ಟ್‌ಬಾಟ್ (ಸರ್ಟಿಫಿಕೇಟ್ ತರುವ ಪ್ರೋಗ್ರಾಂ) ಮತ್ತು ಅದರ ಎಂಜಿನ್‌ಎಕ್ಸ್ ಪ್ಲಗಿನ್ ಹಾಕಿ, ಡೊಮೇನ್ ಹೆಸರು ಕೊಟ್ಟು ಓಡಿಸಿ. 443ರ ಭಾಗವನ್ನೂ, 80ರಿಂದ ಅಲ್ಲಿಗೆ ತಿರುಗಿಸುವ ಸಾಲನ್ನೂ ಅದೇ ಬರೆದುಕೊಳ್ಳುತ್ತದೆ.

ಮೊದಲ ಸಲ ಡ್ರೈ-ರನ್ (ಬರೀ ಪರೀಕ್ಷೆ) ಆಯ್ಕೆ ಕೊಟ್ಟು ಸರ್ಟ್‌ಓನ್ಲಿ ಓಡಿಸಿ. ನೇರವಾಗಿ ಓಡಿಸಿ, ಸೋತು, ಮತ್ತೆ ಓಡಿಸಿ, ಮತ್ತೆ ಸೋತರೆ ಲೆಟ್ಸ್ ಎನ್‌ಕ್ರಿಪ್ಟ್ ನಿಮ್ಮನ್ನು ಕಾಯಿಸುತ್ತದೆ. ಒಂದು ಹೆಸರಿಗೆ ಒಂದು ಗಂಟೆಯಲ್ಲಿ 5 ಸಲ ಸೋತರೆ ಮುಗಿಯಿತು. ಆಮೇಲೆ ನೀವು ತಪ್ಪು ಸರಿಮಾಡಿದರೂ ತಕ್ಷಣ ಬರುವುದಿಲ್ಲ, ನೀವು ಸರಿಯಾದದ್ದನ್ನೇ ತಪ್ಪು ಅಂದುಕೊಂಡು ಮತ್ತೆ ಕೆಡಿಸುತ್ತೀರಿ. ಫೋನುಗಳಲ್ಲಿ ನಾನು ಕೇಳುವ ಕಥೆ ಇದೇ.

80ನೇ ಪೋರ್ಟನ್ನು ಸರ್ಟಿಫಿಕೇಟ್ ಬಂದ ಮೇಲೆ ಮುಚ್ಚಬೇಡಿ. ಲೆಟ್ಸ್ ಎನ್‌ಕ್ರಿಪ್ಟಿನ ಸಾಮಾನ್ಯ ಸರ್ಟಿಫಿಕೇಟ್ 90 ದಿನದ್ದು. ನವೀಕರಣಕ್ಕೂ ಅದೇ ಬಾಗಿಲಿಗೆ ಬಂದು ತಟ್ಟುತ್ತದೆ. ಮುಂಚೆ ಅವಧಿ ಮುಗಿಯುವ ಮುನ್ನ ಅವರೇ ಇಮೇಲ್ ಕಳಿಸುತ್ತಿದ್ದರು. 2025ರಲ್ಲಿ ಅದನ್ನು ನಿಲ್ಲಿಸಿದ್ದಾರೆ. ಹಾಗಾಗಿ ಸರ್ಟ್‌ಬಾಟ್ ರಿನ್ಯೂ ಡ್ರೈ-ರನ್ ಒಮ್ಮೆ ಓಡಿಸಿ ನೋಡಿ, ಟೈಮರ್ ಚಾಲೂ ಇದೆಯಾ ಅಂತಲೂ ನೋಡಿ.

ಪುಟ ತೆರೆಯದೆ, ರೀಡೈರೆಕ್ಟ್ ಜಾಸ್ತಿ ಆಯಿತು ಅಂತ ಬ್ರೌಸರ್ ಹೇಳಿದರೆ ಎರಡು ಕಡೆ ನೋಡಿ. ಒಂದು, ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಸಾಲು. ಅದಿಲ್ಲದಿದ್ದರೆ ಆ್ಯಪ್ ತನಗೆ ಬೀಗವಿಲ್ಲದ ದಾರಿಯಲ್ಲಿ ಬಂದರು ಅಂತ ತಿಳಿದು ಮತ್ತೆ ಮತ್ತೆ ಗೇಟಿಗೆ ಅಟ್ಟುತ್ತದೆ. ಎರಡು, ಕ್ಲೌಡ್‌ಫ್ಲೇರ್ ಮುಂದೆ ಇಟ್ಟಿದ್ದರೆ ಅದರ ಎಸ್‌ಎಸ್‌ಎಲ್ ಫ್ಲೆಕ್ಸಿಬಲ್ ಅಂತ ಇರಬಾರದು. ಫುಲ್ ಸ್ಟ್ರಿಕ್ಟ್ ಮಾಡಿ.

## ಹಂತ 7: ಫೋಟೋ ಹೋಗುತ್ತಿಲ್ಲ, ಚಾಟ್ ಓಡುತ್ತಿಲ್ಲ

ಪುಟ ತೆರೆಯುತ್ತದೆ, ಫೋಟೋ ಹಾಕಿದರೆ 413. ಎಂಜಿನ್‌ಎಕ್ಸ್ ತಾನಾಗಿ ಒಪ್ಪುವುದು 1 ಎಂಬಿ ಮಾತ್ರ. ಈಗಿನ ಫೋನಿನ ಒಂದು ಫೋಟೋಗೇ ಸಾಲದು. ಸರ್ವರ್ ಭಾಗದಲ್ಲಿ ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ 512ಎಂ; ಅಂತ ಹಾಕಿ. ಪಿಎಚ್‌ಪಿ ಆ್ಯಪ್ ಆದರೆ ಪಿಎಚ್‌ಪಿಯ ಮಿತಿಯನ್ನೂ ಏರಿಸಬೇಕು. ಕ್ಲೌಡ್‌ಫ್ಲೇರಿನ ಉಚಿತ ಪ್ಲಾನಿನಲ್ಲಿ ಒಂದು ಅಪ್‌ಲೋಡಿಗೆ 100 ಎಂಬಿ ಮಿತಿ ಇದೆ, ಅದನ್ನು ನೀವು ಏರಿಸಲಾರಿರಿ.

ದೊಡ್ಡ ರಿಪೋರ್ಟ್ ತೆಗೆದಾಗ ಸರಿಯಾಗಿ ಒಂದು ನಿಮಿಷಕ್ಕೆ 504 ಬಂದರೆ ಅದು ಪ್ರಾಕ್ಸಿ_ರೀಡ್_ಟೈಮ್‌ಔಟ್. ಅದರ ಮೂಲ ಮಿತಿ 60 ಸೆಕೆಂಡ್.

ಪುಟ ಬಂದರೂ ಹೊಸ ಬುಕಿಂಗ್ ತಾನಾಗಿ ಕಾಣದಿದ್ದರೆ, ಚಾಟ್ ಸಂಪರ್ಕ ಕಡಿಯುತ್ತಲೇ ಇದ್ದರೆ ವೆಬ್‌ಸಾಕೆಟ್ (ತೆರೆದೇ ಇರುವ ಎರಡು ಕಡೆಯ ಸಂಪರ್ಕ) ದಾಟುತ್ತಿಲ್ಲ. ಲೊಕೇಶನ್ ಒಳಗೆ ಪ್ರಾಕ್ಸಿ_ಎಚ್‌ಟಿಟಿಪಿ_ವರ್ಷನ್ 1.1, ಆಮೇಲೆ ಅಪ್‌ಗ್ರೇಡ್ ಹೆಡರಿಗೆ $ಎಚ್‌ಟಿಟಿಪಿ_ಅಪ್‌ಗ್ರೇಡ್, ಕನೆಕ್ಷನ್ ಹೆಡರಿಗೆ ಅಪ್‌ಗ್ರೇಡ್ ಅಂತ ಎರಡು ಸಾಲು ಸೇರಿಸಿ. ಹಂತ 4ರ ಗುಂಡಿ ನೆನಪಿದೆ ಅಲ್ವಾ? ಅದೇ ಲೊಕೇಶನ್ನಿನಲ್ಲೇ.

502 ಬಂದರೆ ಊಹೆ ಮಾಡುತ್ತಾ ಕೂರಬೇಡಿ, ಎಂಜಿನ್‌ಎಕ್ಸಿನ ಎರರ್ ಲಾಗ್ ತೆರೆಯಿರಿ. ಕನೆಕ್ಷನ್ ರಿಫ್ಯೂಸ್ಡ್ ಇದ್ದರೆ ಹಂತ 2ಕ್ಕೆ ವಾಪಸ್. ಎಂಜಿನ್‌ಎಕ್ಸನ್ನೂ ಡಾಕರಿನಲ್ಲಿ ಓಡಿಸುವವರಿಗೆ ಒಂದು ಮಾತು: ಆ ಡಬ್ಬಿಯೊಳಗೆ 127.0.0.1 ಅಂದರೆ ಆ ಡಬ್ಬಿಯೇ, ನಿಮ್ಮ ಸರ್ವರ್ ಅಲ್ಲ. ಎರಡನ್ನೂ ಒಂದೇ ಡಾಕರ್ ನೆಟ್‌ವರ್ಕಿಗೆ ಸೇರಿಸಿ ಆ್ಯಪಿನ ಸರ್ವಿಸ್ ಹೆಸರನ್ನೇ ಬರೆಯಿರಿ.

## ಹಂತ 8: ಕರೆಂಟು ಹೋಗಿ ಬಂದ ಮೇಲೆ

ಬೆಂಗಳೂರಿನಲ್ಲಿ ಕೂತು ಬರೆಯುವವರು ಈ ಹಂತ ಬರೆಯುವುದಿಲ್ಲ. ಜೂನ್ ಬಂದರೆ ನಮ್ಮಲ್ಲಿ ಯಾವ ಮರ ಯಾವ ಲೈನಿನ ಮೇಲೆ ಬೀಳುತ್ತದೋ ಗೊತ್ತಿಲ್ಲ. ಕರೆಂಟು ಬಂದಾಗ ಎಲ್ಲವೂ ತಾನಾಗಿ ಏಳಬೇಕು.

ಡಾಕರಿನ ಪ್ರತಿ ಆ್ಯಪಿಗೂ ರೀಸ್ಟಾರ್ಟ್ ಅನ್‌ಲೆಸ್-ಸ್ಟಾಪ್ಡ್ ಇರಲಿ. ಎಂಜಿನ್‌ಎಕ್ಸ್ ಸೇವೆ ಎನೇಬಲ್ ಆಗಿರಲಿ. ಪ್ರಾಕ್ಸಿ_ಪಾಸ್ ಸಾಲಿನಲ್ಲಿ ಐಪಿ ಬದಲು ಹೆಸರು ಬರೆದಿದ್ದರೆ, ಏಳುವ ಹೊತ್ತಿಗೆ ಆ ಹೆಸರು ಸಿಗದೆ ಎಂಜಿನ್‌ಎಕ್ಸ್ ಶುರುವಾಗದೇ ಇರಬಹುದು. ಲಾಗಿನಲ್ಲಿ ಹೋಸ್ಟ್ ನಾಟ್ ಫೌಂಡ್ ಇನ್ ಅಪ್‌ಸ್ಟ್ರೀಮ್ ಅಂತ ಇರುತ್ತದೆ.

ರಾಸ್ಪ್‌ಬೆರಿ ಪೈ 4 ಮತ್ತು ಅದಕ್ಕಿಂತ ಹಳೆಯದರಲ್ಲಿ ಗಡಿಯಾರದ ಚಿಪ್ ಇಲ್ಲ. ಕರೆಂಟು ಹೋದರೆ ಅದಕ್ಕೆ ಕಾಲ ನಿಂತ ಹಾಗೆ. ಎದ್ದ ಮೇಲೆ ಇಂಟರ್ನೆಟ್ಟಿನಿಂದ ಸಮಯ ಸಿಗುವ ತನಕ ಹಳೆಯ ದಿನಾಂಕದಲ್ಲೇ ಇರುತ್ತದೆ. ಎರಡು ದಿನ ಕರೆಂಟು ಇಲ್ಲದೆ ಎದ್ದ ಪೈ, ಡೈನಾಮಿಕ್ ಡಿಎನ್‌ಎಸ್ ಸೇವೆಯವರ ಹೊಸದಾಗಿ ಬದಲಾದ ಸರ್ಟಿಫಿಕೇಟನ್ನು ಇನ್ನೂ ಚಾಲ್ತಿಗೆ ಬಂದಿಲ್ಲ ಅಂತ ತಿರಸ್ಕರಿಸಬಹುದು. ಆಗ ಡೈನಾಮಿಕ್ ಡಿಎನ್‌ಎಸ್ ಅಪ್‌ಡೇಟ್ ಸೋಲುತ್ತದೆ, ಹೊಸ ಐಪಿ ಯಾರಿಗೂ ತಿಳಿಯುವುದಿಲ್ಲ. ಅಪ್‌ಡೇಟ್ ಸ್ಕ್ರಿಪ್ಟ್ ಏಳುವಾಗ ಒಮ್ಮೆ ಮಾತ್ರ ಓಡಿದರೆ ಸಾಲದು, ಐದು ನಿಮಿಷಕ್ಕೊಮ್ಮೆ ಓಡಲಿ.

ಲ್ಯಾಪ್‌ಟಾಪಿಗೆ ಬ್ಯಾಟರಿಯೇ ಯುಪಿಎಸ್. ಆದರೆ ಮುಚ್ಚಳ ಹಾಕಿದರೆ ಮಲಗುತ್ತದೆ. ಲಾಗಿನ್‌ಡಿ ಫೈಲಿನಲ್ಲಿ ಹ್ಯಾಂಡಲ್‌ಲಿಡ್‌ಸ್ವಿಚ್ ಇಗ್ನೋರ್ ಅಂತ ಮಾಡಿ. ಬ್ಯಾಟರಿ ಪೂರ್ತಿ ಇಳಿದ ಮೇಲೆ ಕರೆಂಟು ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಬಯೋಸಿನಲ್ಲಿ ಇದೆಯಾ ನೋಡಿ. ಸರ್ವರಿಗೆ ಯುಪಿಎಸ್ ಕೊಟ್ಟು ಫೈಬರ್ ಪೆಟ್ಟಿಗೆಯನ್ನೂ ರೂಟರನ್ನೂ ಬರೀ ಗೋಡೆಗೆ ಸಿಕ್ಕಿಸಿದವರು ಬಹಳ. ಮೂರೂ ಅದರಲ್ಲೇ ಇರಲಿ. ಏಪ್ರಿಲ್, ಮೇ ಗುಡುಗಿಗೆ ಮಾತ್ರ ಯುಪಿಎಸ್ಸನ್ನು ನಂಬಬೇಡಿ, ಪ್ಲಗ್ ಕಿತ್ತುಬಿಡಿ. ಫೈಬರಿನಲ್ಲಿ ಸಿಡಿಲು ಹರಿದು ಬರದಿದ್ದರೂ ಪೆಟ್ಟಿಗೆಯ ಅಡಾಪ್ಟರಿನ ದಾರಿಯಲ್ಲಿ ಬರುತ್ತದೆ.

ಕೊನೆಯ ಪರೀಕ್ಷೆ. ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಯುಪಿಎಸ್ಸನ್ನೂ. ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಬಿಡಿ. ಆಮೇಲೆ ಆನ್ ಮಾಡಿ. ಪೈ ತಾನಾಗಿ ಏಳುತ್ತದೆ, ಲ್ಯಾಪ್‌ಟಾಪ್ ಆದರೆ ಪವರ್ ಬಟನ್ ಒಂದು ಒತ್ತಬಹುದು. ಕೀಬೋರ್ಡ್ ಮುಟ್ಟಬೇಡಿ. ಹತ್ತು ನಿಮಿಷ ಬಿಟ್ಟು ಮೊಬೈಲ್ ಡೇಟಾದ ಫೋನಿನಲ್ಲಿ ತೆರೆಯಿರಿ. ಲಾಗಿನ್ ಪುಟ ಬಂತೇ? ಒಂದು ಫೋಟೋ ಹಾಕಿ ನೋಡಿ. ಅದೂ ಹೋಯಿತು ಅಂದರೆ ಗೆಸ್ಟುಗಳಿಗೆ ಲಿಂಕ್ ಕಳಿಸಬಹುದು.